ಮಾತಿನವರು, ಮಾತ್ರೆಯವರು

ನಮ್ಮ ವಿಭಾಗದಲ್ಲಿ ಒಂದು ಹಳೇ ಜೋಕಿದೆ: ಕಾರಿಡಾರಿನ ಈ ಕಡೆ ಮಾತಿನವರು, ಆ ಕಡೆ ಮಾತ್ರೆಯವರು. ನಾನು ಈ ಕಡೆಯವಳು, ವಯಸ್ಸಾದವರ ಕೌನ್ಸೆಲಿಂಗ್ ನೋಡಿಕೊಳ್ಳುತ್ತೇನೆ. ಈ ಕಡೆಯಿಂದ ರೆಫರಲ್ ಹೋಗುತ್ತದೆ, ಆ ಕಡೆಯಿಂದ "ಸೀನ್, ಮೆಡಿಕೇಶನ್ ಸ್ಟಾರ್ಟೆಡ್" ಎಂಬ ಒಂದು ಸಾಲು ಬರುತ್ತದೆ. ಯಾವ ಮಾತ್ರೆ, ಎಷ್ಟು ಎಂಬುದೆಲ್ಲ ಸಾಫ್ಟ್‌ವೇರಿನ ಇನ್ನೊಂದು ಟ್ಯಾಬಿನಲ್ಲಿ. ನಮ್ಮ ಲಾಗಿನ್‌ಗೆ ಅದು ತೆರೆಯುವುದಿಲ್ಲ. ಆ ಜೋಕಿಗೆ ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಮೇಷ್ಟ್ರ ಪ್ರಸಂಗ ಆದಮೇಲೆ ನಗು ಬರುತ್ತಿಲ್ಲ.

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 79, ನಿವೃತ್ತ ಕನ್ನಡ ಮೇಷ್ಟ್ರು. ಹೆಂಡತಿ ಹೋದಮೇಲೆ ನಿದ್ದೆ, ಊಟ, ಓದು ಮೂರೂ ಕೈಬಿಟ್ಟಿದ್ದವು. ಮಗಳು ಕರೆದುಕೊಂಡು ಬಂದರು. ಮೊದಲ ಭೇಟಿಯ ದಿನ ಜಿಡಿಎಸ್ ಫಾರ್ಮ್ (ವಯಸ್ಸಾದವರ ಖಿನ್ನತೆ ಅಳೆಯುವ ಪ್ರಶ್ನಾವಳಿ) ಕೊಟ್ಟರೆ, ಉತ್ತರ ಬರೆಯುವ ಮೊದಲು ಅದರ ಕನ್ನಡದಲ್ಲಿ ಎರಡು ತಪ್ಪು ಹುಡುಕಿ ತಿದ್ದಿದರು. ನಾನು ಮಾತಿನ ಭರದಲ್ಲಿ "ಕಿನ್ನತೆ" ಅಂದುಬಿಟ್ಟೆ. "ಖಿನ್ನತೆ, ಅಮ್ಮಾ. ಮಹಾಪ್ರಾಣ. ಪ್ರಾಣ ಹೋಗುವಂಥ ಕಾಯಿಲೆಗೆ ಅಷ್ಟಾದರೂ ಉಸಿರು ಕೊಡಿ" ಅಂದರು. ಅವರ ಮೇಲೆ ನನಗೆ ಅಭಿಮಾನ ಹುಟ್ಟಿದ್ದು ಆಗಲೇ. ಸ್ಕೋರು 15ಕ್ಕೆ 10 ಬಂತು. ರೆಫರಲ್ ಹಾಕಿದೆ. ಮಾತ್ರೆ ಶುರುವಾಯಿತು ಎಂಬ ಒಂದು ಸಾಲು ಬಂತು. ನಮ್ಮ ವಾರದ ಸೆಷನ್‌ಗಳೂ ಶುರುವಾದವು.

ನಾನು ಅವರ ಜೊತೆ ಮಾಡುತ್ತಿದ್ದದ್ದು ಲೈಫ್ ರಿವ್ಯೂ. ಮುದುಕರು ಹಳೆಯದನ್ನೇ ಮೆಲುಕು ಹಾಕುವುದು ಅರಳುಮರಳಲ್ಲ, ಬದುಕಿನ ಲೆಕ್ಕ ತಾಳೆ ನೋಡುವ ಸಹಜ ಕೆಲಸ ಅದು ಅಂತ 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯರು ಬರೆದರು. ನಮ್ಮ ಕಸುಬಿನವರಿಗೆ ಅದು ಮೊದಲ ಪಾಠ. ಹಿರಿಯರು ಹಿಂದಿನದನ್ನು ಮಾತಾಡಿದರೆ ತಳ್ಳಿಹಾಕಬೇಡಿ, ಅದರಲ್ಲಿ ಅರ್ಥವಿದೆ, ಕೇಳಿ. ಕೇಳಿದೆ. ಅತಿಯಾಗಿ ಕೇಳಿದೆ ಅಂತ ಈಗ ಅನ್ನಿಸುತ್ತದೆ.

ಮಾತ್ರೆ ಶುರುವಾಗಿ ಮೂರನೇ ವಾರ. ಅವರ ಹೆಂಡತಿ ತೀರಿಕೊಂಡು ವರ್ಷ ತುಂಬುವುದೂ ಅದೇ ವಾರವೇ. ಆ ತಾರೀಖನ್ನು ನಾನು ಕೇಸ್ ಶೀಟಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಇಟ್ಟಿದ್ದೆ. ಒಳಗೆ ಕರೆಯುವಾಗ ಬಾಗಿಲಲ್ಲೇ ಮಗಳು ಮೆತ್ತಗೆ ಹೇಳಿದರು: "ಎರಡು ದಿನದಿಂದ ಅಪ್ಪ ಒಂಥರಾ ಇದಾರೆ ಮೇಡಂ. ಹಗಲೆಲ್ಲಾ ತೂಕಡಿಕೆ. ನಿನ್ನೆ ರಾತ್ರಿ ಎದ್ದು ಚಪ್ಪಲಿ ಹುಡುಕ್ತಿದ್ರು, ಸ್ಕೂಲಿಗೆ ಹೊತ್ತಾಯ್ತು ಅಂತ."

ನಾನು ಅವರ ಭುಜ ಮುಟ್ಟಿ, "ಈ ವಾರ ಹಾಗೇ ಇರುತ್ತೆ, ನಾನು ನೋಡ್ಕೋತೀನಿ" ಅಂದೆ.

ಇವತ್ತಿಗೂ ಚುಚ್ಚುವುದು ಆ ವಾಕ್ಯ. "ಎರಡು ದಿನದಿಂದ" ಅನ್ನುವ ಒಂದೇ ಮಾತಿನಲ್ಲಿ ರೋಗನಿರ್ಣಯ ಇತ್ತು. ಖಿನ್ನತೆ ವಾರಗಟ್ಟಲೆ ಹೊತ್ತು ತಗೊಂಡು ಆವರಿಸುತ್ತದೆ, ಡಿಮೆನ್ಶಿಯಾ ತಿಂಗಳು ವರ್ಷಗಳಲ್ಲಿ ಸವೆಸುತ್ತದೆ. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಮನುಷ್ಯ ಬದಲಾದರೆ ಅದು ಡೆಲಿರಿಯಂ (ದೇಹದ ತೊಂದರೆಯಿಂದಲೋ ಮಾತ್ರೆಯಿಂದಲೋ ದಿಢೀರನೆ ಬುದ್ಧಿ ಕದಡುವುದು), ಬೇರೆ ಏನೋ ಅಂತ ಸಾಬೀತಾಗುವವರೆಗೆ. ಪರೀಕ್ಷೆಯಲ್ಲಿ ಇದನ್ನು ಬರೆದು ಪಾಸಾದವಳು ನಾನು. ಆದರೆ ನನ್ನ ತಲೆಯಲ್ಲಿ ಡೆಲಿರಿಯಂ ಅಂದರೆ ಡ್ರಿಪ್ ಕಿತ್ತೆಸೆದು ಕೂಗಾಡುವವರು. ಸದ್ದಿಲ್ಲದೆ ಮಂಕಾಗಿ ಕೂರುವ ಡೆಲಿರಿಯಂ ಇನ್ನೊಂದಿದೆ. ಅದು ಯಾರಿಗೂ ತೊಂದರೆ ಕೊಡುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊರಗಿಂದ ನೋಡಿದರೆ ಥೇಟ್ ದುಃಖದ ಹಾಗೇ.

ಕೂತೆವು. ಹೇಗಿದ್ದೀರಿ ಅಂದೆ. "ಹೂಂ" ಅಂದರು. ಈ ದಿನಗಳು ಕಷ್ಟ ಅಲ್ವಾ ಅಂದೆ. ಉತ್ತರವಿಲ್ಲ. ಸರಿ, ಮೌನಕ್ಕೆ ಜಾಗ ಕೊಡೋಣ ಅಂತ ನಾನೂ ಸುಮ್ಮನಾದೆ. ಅವರ ಹೆಬ್ಬೆರಳು ಅಂಗಿಯ ಗುಂಡಿಯನ್ನು ಸವರುತ್ತಲೇ ಇತ್ತು. ಕಣ್ಣು ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಗೋಡೆ ಗಡಿಯಾರ ನೋಡಿಕೊಂಡೆ: ನಾಲ್ಕು ನಿಮಿಷ, ಆರು, ಒಂಬತ್ತು. ಇಷ್ಟು ಹೊತ್ತು ಬಾಯಿ ಹಾಕದೆ ಕೂರುವುದು ನನಗೆ ಸುಲಭವಲ್ಲ. ಸೂಪರ್‌ವಿಷನ್‌ನಲ್ಲಿ ಪ್ರತಿ ಸಲ ಇದೇ ದೂರು, ನೀನು ಮೌನ ತುಂಬಲು ಆತುರಪಡುತ್ತೀಯ ಅಂತ. ಅವತ್ತು ಆತುರಪಡಲಿಲ್ಲ. ಒಳಗೊಳಗೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಹನ್ನೊಂದನೇ ನಿಮಿಷಕ್ಕೆ ತಲೆ ಎತ್ತಿ, "ಗಂಟೆ ಹೊಡೀತೇನಮ್ಮಾ?" ಅಂದರು.

ನನಗೆ ಮೈ ಜುಮ್ಮೆಂದಿತು. "ಯಾವ ಗಂಟೆ ಮೇಷ್ಟ್ರೇ? ಹೊರಡುವ ಗಂಟೆಯಾ?" ಅಂದೆ.

ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ. ಆ ಮನುಷ್ಯ ತಾನು ತರಗತಿಯಲ್ಲಿದ್ದೇನೆ ಅಂದುಕೊಂಡು ಶಾಲೆಯ ಗಂಟೆ ಕೇಳಿದ್ದರು, ಅಷ್ಟೇ. ನಾನು ಅದರಲ್ಲಿ ಮೃತ್ಯುಪ್ರಜ್ಞೆ ಹುಡುಕುತ್ತಿದ್ದೆ. ಇನ್ನೊಂದು ಮಾತು: ಆ ಸೆಷನ್‌ನಲ್ಲಿ ನಾನು ಎರಡು ಸಲ "ದುಕ್ಕ" ಅಂದೆ. ಅವರು ತಿದ್ದಲಿಲ್ಲ. ಅದನ್ನೂ ಗಮನಿಸಿದೆ, ಆದರೆ "ಪ್ರತಿರೋಧ ಕರಗಿದೆ" ಎಂದು ಲೆಕ್ಕ ಹಾಕಿದೆ. ಅಪ್ಪಟ ಕನ್ನಡ ಮೇಷ್ಟ್ರು ಒಬ್ಬರು ಮಹಾಪ್ರಾಣವನ್ನು ಹಾಗೇ ಬಿಟ್ಟುಕೊಟ್ಟರೆ ಜ್ವರವೋ ಇನ್ನೇನೋ ನೋಡಬೇಕು ಅಂತ ಯಾರಿಗಾದರೂ ಹೊಳೆಯಬೇಕಿತ್ತು.

45 ನಿಮಿಷದ ಸ್ಲಾಟ್ ಮುಗಿಯಿತು. ಏಳುವಾಗ ಕುರ್ಚಿಯ ತೋಳಿಗೆ ತಡವರಿಸಿದರು. ಹೊರಗೆ ವೈಟಲ್ಸ್ ನೋಡುವ ಸಿಸ್ಟರ್ ಕೂತಿದ್ದರು, ನಿವೃತ್ತಿಗೆ ಹತ್ತಿರವಿರುವವರು. ಒಮ್ಮೆ ಮುಖ ನೋಡಿದರು. "ಮೇಷ್ಟ್ರೇ, ವಾರಗಳನ್ನ ಶನಿವಾರದಿಂದ ಹಿಂದಕ್ಕೆ ಹೇಳಿ ನೋಡೋಣ."

"ಶನಿವಾರ... ಶುಕ್ರವಾರ..." ಆಮೇಲೆ ನಿಂತರು. "ಶನಿವಾರ" ಅಂದರು.

ಸಿಸ್ಟರ್ ನನ್ನ ಕಡೆ ತಿರುಗಿ, "ಇವರು ಒಳಗೂ ಹೀಗೇ ಇದ್ರಾ?" ಅಂತ ಕೇಳಿದರು. ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನಾನು ಏನೋ ಆನಿವರ್ಸರಿ ರಿಯಾಕ್ಷನ್, ವರ್ಷ ತುಂಬುವಾಗ ಮರುಕಳಿಸುವ ದುಃಖ ಅಂತ ತೊದಲಿದೆ. ಅಷ್ಟರಲ್ಲಿ ಅವರು ವೀಲ್‌ಚೇರ್ ಎಳೆದುಕೊಂಡಾಗಿತ್ತು.

ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಹೊಸದಾಗಿ ಏನು ಮಾತ್ರೆ ಶುರುವಾಗಿದೆ? ಬಿಪಿಗೆ ಏನು ತಗೋತಾರೆ?" ನಾನು ಬಾಯಿ ತೆರೆದೆ, ಮುಚ್ಚಿದೆ. ಅವರ ಹೆಂಡತಿ ಯಾವ ಬಣ್ಣದ ಸೀರೆ ಇಷ್ಟಪಡುತ್ತಿದ್ದರು ಅಂತ ಗೊತ್ತಿತ್ತು, ಮೊದಲ ಸಂಬಳದಲ್ಲಿ ಯಾವ ನಿಘಂಟು ಕೊಂಡರು ಅಂತ ಗೊತ್ತಿತ್ತು. ದಿನಾ ಬೆಳಿಗ್ಗೆ ಏನು ನುಂಗುತ್ತಾರೆ ಅಂತ ಗೊತ್ತಿರಲಿಲ್ಲ. ಮಗಳು ವ್ಯಾನಿಟಿ ಬ್ಯಾಗಿನಿಂದ ಸ್ಟ್ರಿಪ್‌ಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಬಿಪಿಗೆ ಥಯಝೈಡ್ ಎಂಬ ಮೂತ್ರ ಹೆಚ್ಚಿಸುವ ಮಾತ್ರೆ, ವರ್ಷಗಳಿಂದ. ಖಿನ್ನತೆಗೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ, ಮೂರನೇ ವಾರ. ಡಾಕ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟು, ರಿಪೋರ್ಟ್ ಬರುವ ಮೊದಲೇ "ಸೋಡಿಯಂ" ಅಂದರು. ವಯಸ್ಸಾದವರಲ್ಲಿ ಈ ಜೋಡಿ ರಕ್ತದ ಸೋಡಿಯಂ ಇಳಿಸಬಹುದು, ಅದರಲ್ಲೂ ಮೊದಲ ಕೆಲವು ವಾರಗಳಲ್ಲಿ. 135ರಿಂದ 145 ಇರಬೇಕಾದದ್ದು 118 ಬಂತು.

ಸೋಡಿಯಂ ಏರಿಸುವುದೂ ನಾಜೂಕಿನ ಕೆಲಸ. ಅವಸರ ಮಾಡಿದರೆ ಮೆದುಳಿಗೇ ಪೆಟ್ಟು. ದಿನಕ್ಕಿಷ್ಟೇ ಅಂತ ಅಳೆದು ಏರಿಸಿದರು. ಆ ದಿನಗಳಲ್ಲಿ ಮಗಳು ನನಗೆ ಒಂದು ಕಟು ಮಾತೂ ಆಡಲಿಲ್ಲ. ಐಸಿಯು ಮುಂದಿನ ಬೆಂಚಿನಲ್ಲಿ ಒಮ್ಮೆ ಮಾತ್ರ, "ನಾನು ಹೇಳಿದ್ದೆ ಅಲ್ವಾ ಮೇಡಂ, ಎರಡು ದಿನದಿಂದ ಅಂತ" ಅಂದರು.

ಇದನ್ನು ಓದಿ ಯಾರೂ ಖಿನ್ನತೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಮಾತ್ರೆಯದು ತಪ್ಪಲ್ಲ. ಶುರುಮಾಡಿದ ಮೇಲೆ ಒಂದು ರಕ್ತಪರೀಕ್ಷೆ ಆಗಬೇಕಿತ್ತು, ಅದು ಮಾತ್ರೆಯವರ ತಪ್ಪು. ಮನುಷ್ಯ ಬದಲಾಗಿದ್ದಾನೆ ಅಂತ ಮೊದಲು ಕಾಣಬೇಕಿದ್ದವಳು ನಾನು, ವಾರಕ್ಕೊಮ್ಮೆ 45 ನಿಮಿಷ ಎದುರಿಗೇ ಕೂರುವವಳು. ಅದು ಮಾತಿನವರ ತಪ್ಪು. ತರಬೇತಿಯಲ್ಲಿ ಬದುಕಿನ ಹಂತಗಳ ಬಗ್ಗೆ ಬರೆದ ಎರಿಕ್ಸನ್‌ಗೆ ವಾರಗಟ್ಟಲೆ ಕೊಟ್ಟವರು ಡೆಲಿರಿಯಂಗೆ ಅರ್ಧ ದಿನ ಕೊಟ್ಟಿದ್ದರು, ಅದೂ ಮಧ್ಯಾಹ್ನದ ಹೊತ್ತು.

ಮ್ಯಾನೇಜ್‌ಮೆಂಟ್ ಏನು ಮಾಡಿತು? ಇನ್ಸಿಡೆಂಟ್ ಫಾರ್ಮ್ ತುಂಬಲು ಹೇಳಿತು. ಡ್ರಾಪ್‌ಡೌನ್‌ನಲ್ಲಿ ಬಿದ್ದದ್ದು, ತಪ್ಪು ಡೋಸ್, ಕುಟುಂಬದ ದೂರು, ಇತರೆ. "ಇತರೆ" ಒತ್ತಿದೆ. ಮಾತ್ರೆಯ ಟ್ಯಾಬ್ ನಮಗೂ ತೆರೆದುಕೊಡಿ ಅಂತ ಬರೆದೆ. ಪ್ರೈವಸಿ ಪಾಲಿಸಿ ಅಡ್ಡ ಬರುತ್ತದೆ ಎಂದು ಉತ್ತರ ಬಂತು. ಜೀವನದ ಗುಟ್ಟನ್ನೆಲ್ಲಾ ನಮ್ಮ ಮುಂದೆ ಬಿಚ್ಚಿಡುವವರ ಬಿಪಿ ಮಾತ್ರೆ ಮಾತ್ರ ಗೌಪ್ಯ! ಈಗ ಪ್ರತಿ ಸೆಷನ್‌ಗೆ ಸ್ಟ್ರಿಪ್‌ಗಳ ಚೀಲ ತನ್ನಿ ಅಂತ ಮನೆಯವರಿಗೇ ಹೇಳುತ್ತೇನೆ. ಹೋದ ಸಲಕ್ಕೂ ಈ ಸಲಕ್ಕೂ ಏನಾದರೂ ವ್ಯತ್ಯಾಸ ಕಂಡಿತಾ ಅಂತ ಕರೆತಂದವರನ್ನು ಮೊದಲು ಕೇಳಿ, ಆಮೇಲೆ ಬಾಗಿಲು ಹಾಕುತ್ತೇನೆ. ಅನುಮಾನ ಬಂದರೆ 4ಎಟಿ, ಡೆಲಿರಿಯಂ ಇದೆಯಾ ಅಂತ ನೋಡುವ ಪುಟ್ಟ ಪರೀಕ್ಷೆ. ಎರಡು ನಿಮಿಷದ ಕೆಲಸ. ಇದಕ್ಕೆ ಸ್ಲಾಟ್‌ನಲ್ಲಿ ಜಾಗವಿಲ್ಲ ಅಂತ ಮೀಟಿಂಗ್‌ನಲ್ಲಿ ಗೊಣಗಿದವರು ಇದ್ದಾರೆ. ಹನ್ನೊಂದು ನಿಮಿಷ ಮೌನಕ್ಕೆ ಜಾಗವಿತ್ತಲ್ಲ ಅಂತ ನಾನು ಅಂದುಕೊಂಡೆ, ಬಾಯಿಬಿಡಲಿಲ್ಲ.

ಮೇಷ್ಟ್ರು ಆರು ವಾರದ ಮೇಲೆ ಬಂದರು, ಸಣ್ಣಗಾಗಿ, ಬೇರೆ ಗುಂಪಿನ ಮಾತ್ರೆಯ ಮೇಲೆ. ನಾನು ಆ ದಿನದ ಬಗ್ಗೆ ಕ್ಷಮೆ ಕೇಳಿದೆ. ಅವರು ಹುಬ್ಬು ಗಂಟಿಕ್ಕಿ ತುಂಬಾ ಹೊತ್ತು ಯೋಚಿಸಿದರು.

"ಆ ದಿನ ನಾನು ಇಲ್ಲಿಗೆ ಬಂದಿದ್ದೆನೇ?"

ಬಂದಿದ್ದರು ಅಂತ ಕೇಸ್ ಶೀಟಿನಲ್ಲಿದೆ. ಅವರು ಹೊರಗೆ ಸಿಸ್ಟರ್ ಮುಂದೆ ನಿಂತಿದ್ದಾಗಲೇ, ಬಾಗಿಲಿನ ಈಚೆ ನಾನು ಟೈಪ್ ಮಾಡಿ ಸೇವ್ ಒತ್ತಿದ್ದ ಸಾಲು: "ಮೌನದಲ್ಲಿ ಆಳವಾದ ಕೆಲಸ ನಡೆಯಿತು. ಉತ್ತಮ ಪ್ರಗತಿ." ಅಳಿಸಲು ನೋಡಿದೆ. 24 ಗಂಟೆ ಕಳೆದರೆ ನೋಟ್ಸ್ ಲಾಕ್ ಆಗುತ್ತವೆ.