ಒಂದು ಹಳೆ ಸೀರೆಯಲ್ಲಿ ಎರಡು ಪರದೆ, ಎರಡು ದಿಂಬಿನ ಕವರು: ಅತಿಥಿ ಕೋಣೆಯ ಹೊಲಿಗೆ, ಇಲ್ಲಿಯವರೆಗೆ

ದಿನ 1: ಅಳತೆ, ಕತ್ತರಿ

ಕಿಟಕಿ 4 ಅಡಿ ಅಗಲ, 4 ಅಡಿ ಎತ್ತರ. ರಾಡು ಚೌಕಟ್ಟಿನಿಂದ 4 ಇಂಚು ಮೇಲೆ, ಪರದೆ 6 ಇಂಚು ಕೆಳಕ್ಕೆ. ಹೊಲಿದು ಮುಗಿದಾಗ ಉದ್ದ 58 ಇಂಚು ಇರಬೇಕು. ತಲೆಯ ಮಡಿಕೆಗೆ ಮೂರೂವರೆ, ಕೆಳಗಿನ ಜೋಡಿ ಮಡಿಕೆಗೆ 6 ಸೇರಿಸಿದರೆ 67.5 ಇಂಚು, ಅಂದರೆ ಸುಮಾರು 1.71 ಮೀಟರ್. ಅಂಥವು ಎರಡು.

ಹೊಸ ಬಟ್ಟೆಯ ಬದಲು ಮಗ್ಗದ ಹತ್ತಿ ಸೀರೆ. ಬಜೆಟ್ ಉಳಿಯುವುದು ಇಲ್ಲೇ. ರವಿಕೆ ಕಣ ತೆಗೆದ ಮೇಲೆ 5.5 ಮೀಟರ್ ಉದ್ದ, 45 ಇಂಚು ಪನ್ನ (ಬಟ್ಟೆಯ ಅಗಲ). ವರ್ಷಗಟ್ಟಲೆ ಒಗೆದದ್ದರಿಂದ ಕುಗ್ಗುವಷ್ಟು ಕುಗ್ಗಿದೆ, ಹೆಚ್ಚುವರಿ ಬಟ್ಟೆ ಬಿಡಬೇಕಿಲ್ಲ. ಎರಡೂ ಅಂಚು ಪರದೆಯ ಎರಡು ಬದಿಗೆ ಬರುವುದರಿಂದ ಬದಿ ಮಡಚುವ ಕೆಲಸವೂ ಇಲ್ಲ. ರಾಡು 54 ಇಂಚು, ಎರಡು ಪರದೆ ಸೇರಿ 90 ಇಂಚು. ನೆರಿಗೆಗೆ ಸಾಕು. ರಾಡಿನ ಒಂದೂವರೆ ಪಟ್ಟಾದರೂ ಇಲ್ಲದಿದ್ದರೆ ಪರದೆ ಬೆಡ್‌ಶೀಟ್ ನೇತುಹಾಕಿದಂತೆ ಕಾಣುತ್ತದೆ.

ಕತ್ತರಿ ಹಾಕುವ ಮೊದಲು ಫಾಲ್ ಬಿಚ್ಚಿ, ಸೀರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಸವೆದ ಜಾಗ ಜಾಲರಿಯಂತೆ ಹೊಳೆಯುತ್ತದೆ. ಭುಜದ ಪಿನ್ನು ಚುಚ್ಚಿದ ತೂತುಗಳು ಸೆರಗಿನ ಕಡೆಗಿವೆ. ಆದ್ದರಿಂದ ಒಳತುದಿಯಿಂದ ಎರಡು ಪರದೆ, ಸೆರಗಿನ ಕಡೆಯಿಂದ ದಿಂಬಿನ ಕವರು. ಇಳಕಲ್ ಸೀರೆಯಾದರೆ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಸಾಲಿನ ಮೇಲೆ ಕತ್ತರಿ ಆಡಿಸಬಾರದು. ನೇರ ಕತ್ತರಿಸಲು ಸ್ಕೇಲಿಗಿಂತ ಹೊಕ್ಕಿನ (ಅಡ್ಡ ನೂಲಿನ) ಒಂದು ಎಳೆ ಎಳೆದು ತೆಗೆಯುವುದು ಮೇಲು. ಎಳೆ ಹೋದ ಜಾಗದಲ್ಲಿ ಕೂದಲೆಳೆಯಂಥ ಗೆರೆ ಮೂಡುತ್ತದೆ, ಅದರ ಮೇಲೇ ಕತ್ತರಿ.

ದಿನ 2: ಲೈನಿಂಗ್

ಹಳೆ ಸೀರೆ ತೆಳು, ಬೆಳಗಿನ ಬಿಸಿಲು ನೇರ ಒಳಗೆ ಬರುತ್ತದೆ. ಲೈನಿಂಗಿಗೆ 48 ಇಂಚು ಪನ್ನದ ಕೋರಾ (ಬಿಳುಪು ಮಾಡದ ಹತ್ತಿ) ಬಟ್ಟೆ ಮೂರೂಕಾಲು ಮೀಟರ್. ಕೊಂಡದ್ದು ಇದೊಂದು, ಜೊತೆಗೆ ದಾರ ಮತ್ತು ಸೂಜಿ. ಕೋರಾವನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ಒಣಹಾಕಿ, ಹಸಿ ಇರುವಾಗಲೇ ಇಸ್ತ್ರಿ ಮಾಡಬೇಕು. ಇದನ್ನು ಬಿಟ್ಟರೆ ಮೊದಲ ಒಗೆತಕ್ಕೇ ಕೋರಾ ಕುಗ್ಗಿ ಸೀರೆಯನ್ನೂ ಮೇಲಕ್ಕೆ ಸೆಳೆಯುತ್ತದೆ. ಆಗ ಇಡೀ ಪರದೆ ಸುಕ್ಕು. ಅದೇ ಕಾರಣಕ್ಕೆ ಲೈನಿಂಗನ್ನು ತಲೆಯ ಮಡಿಕೆಯೊಳಗೆ ಮಾತ್ರ ಸೇರಿಸಿದೆ, ಬದಿ ಹೊಲಿದಿಲ್ಲ. ಪರದೆಗಿಂತ ಅಗಲದಲ್ಲಿ 2 ಇಂಚು, ಕೆಳಗೆ 1 ಇಂಚು ಕಡಿಮೆ.

ರಾಡು ತೂರುವ ಜಾಗದಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. 1 ಇಂಚಿನ ರಾಡಿನ ಸುತ್ತಳತೆ 3.14 ಇಂಚು, ಬಟ್ಟೆ ಚಪ್ಪಟೆ ಇಟ್ಟಾಗ ಅದರ ಅರ್ಧ, ಅಂದರೆ 1.57. ಒಂದೂವರೆ ಇಂಚು ಬಿಟ್ಟರೆ ರಾಡು ಹೋಗುವುದೇ ಇಲ್ಲ, 2 ಇಂಚು ಬೇಕು. ಅರ್ಧ ಇಂಚು ಒಳಗೆ ಮಡಚಿ, ಮತ್ತೆ 3 ಇಂಚು ಮಡಚಿ, ಕೆಳಗೊಂದು ಹೊಲಿಗೆ, ಮೇಲಿನಿಂದ 1 ಇಂಚಿಗೆ ಇನ್ನೊಂದು. ಎರಡರ ನಡುವೆ ರಾಡಿಗೆ ಆ 2 ಇಂಚು. ಸೀರೆಯೊಂದಕ್ಕೇ ಹೊಲಿಯುವಾಗ 11 ನಂಬರ್ ಸೂಜಿ, ಕೋರಾ ಸೇರಿದ ಕಡೆ 14. ಮೇಲ್ದಾರ ಬಿಗಿಯಾದರೆ ಹಳೆ ಹತ್ತಿ ತಕ್ಷಣ ಮುದುರುತ್ತದೆ. ತುಂಡು ಬಟ್ಟೆಯ ಮೇಲೆ ಮೊದಲು ಓಡಿಸಿ ನೋಡಿ.

ದಿನ 3: ದಿಂಬು

ದಿಂಬು 17x27 ಇಂಚು. ಒಂದೊಂದು ಕವರಿಗೆ 18 ಇಂಚು ಅಗಲ, 63 ಇಂಚು ಉದ್ದದ ಪಟ್ಟಿ: ಎರಡು ಮೈಗೆ 54, ಒಳಮಡಿಕೆಗೆ 6, ಎರಡು ತುದಿ ಮಡಚಲು 3. 45 ಇಂಚು ಪನ್ನದಲ್ಲಿ ಎರಡು ಪಟ್ಟಿ ಅಕ್ಕಪಕ್ಕ ಬಂದು 9 ಇಂಚು ಉಳಿಯಿತು. ಜಿಪ್ಪು, ಗುಂಡಿ ಬೇಡ.

ತುದಿಗಳನ್ನು ಹೊಲಿದು, ಬಟ್ಟೆಯ ಒಳ್ಳೆ ಮೈ ಮೇಲೆ ಮಾಡಿ ಹಾಸಿ. ಒಂದು ತುದಿಯಿಂದ 27 ಇಂಚು ಮಡಚಿ. ಆಚೆ ಚಾಚಿಕೊಂಡ 6 ಇಂಚನ್ನು ಕೊನೆಗೆ ಅದರ ಮೇಲೆ ಮಡಚಿ, ಎರಡೂ ಬದಿ ಅರ್ಧ ಇಂಚಿಗೆ ಹೊಲಿದು ತಿರುವಿ. 6 ಇಂಚಿನದನ್ನು ಮೊದಲೇ ಮಡಚಿದರೆ ಅದು ಹೊರಗೆ ಜೇಬಿನಂತೆ ಕೂರುತ್ತದೆ, ಮತ್ತೆ ಬಿಚ್ಚಬೇಕು. ಪಿನ್ನಿನ ತೂತು ಕೆಳಮೈಗೆ ಬರುವಂತೆ ನೋಡಿಕೊಂಡದ್ದರಿಂದ ಕಾಣುವುದಿಲ್ಲ. ಸೀರೆಯ ಅಂಚು ಒಂದು ಬದಿಗೆ ಬಂದಿದೆ. ಕತ್ತರಿಸಿದ ಬದಿಗೆ ಮಾತ್ರ ಜಿಗ್‌ಜಾಗ್.

ಬಾಕಿ

ಪರದೆಯ ಕೆಳ ಮಡಿಕೆಗೆ ಸದ್ಯ ಕೈಹೊಲಿಗೆ ಮಾತ್ರ. ಎರಡು ದಿನ ನೇತುಬಿಟ್ಟು, ಬಟ್ಟೆ ಇಳಿದದ್ದನ್ನು ಸರಿಮಾಡಿಕೊಂಡು ಮಿಷಿನ್ ಓಡಿಸುವುದು. ಎಡಗಡೆಯದು ಈಗಲೇ ಕಾಲಿಂಚು ಇಳಿದಿದೆ. ಬಿಚ್ಚಿದ ಫಾಲ್‌ನಿಂದ ಪರದೆ ಕಟ್ಟುವ ಪಟ್ಟಿ, ತಲಾ 30 ಇಂಚು.