ಖಾಲಿ ಜಾಗವೂ ಮನೆಯೇ

ಇವತ್ತೆಲ್ಲ ತಲೆಯಲ್ಲಿ ಒಂದೇ ಶಿಲ್ಪ. 1993ರಲ್ಲಿ ರೇಚಲ್ ವೈಟ್‌ರೀಡ್ ಎಂಬ ಕಲಾವಿದೆ ಲಂಡನ್ನಿನ ಒಂದು ಹಳೇ ಮನೆಯ ಒಳಗೋಡೆಗಳಿಗೆಲ್ಲ ಕಾಂಕ್ರೀಟ್ ಹಾಕಿಸಿ, ಅದು ಗಟ್ಟಿಯಾದ ಮೇಲೆ ಹೊರಗಿನ ಇಟ್ಟಿಗೆಗಳನ್ನೇ ತೆಗೆಸಿಬಿಟ್ಟರು. ಉಳಿದದ್ದು ಕೋಣೆಗಳ ಖಾಲಿ ಜಾಗದ ಅಚ್ಚು. ಗೋಡೆಯೊಳಗೆ ಗೂಡಾಗಿದ್ದ ಅಗ್ಗಿಷ್ಟಿಕೆ ಹೊರಗೆ ಉಬ್ಬಿಕೊಂಡು ನಿಂತಿತ್ತು. ಜನ ನಕ್ಕು, ಜಗಳ ಆಡಿ, ಮಲಗಿ ಎದ್ದ ಜಾಗವೇ ಕಲ್ಲಾದ ಹಾಗೆ, ಅಲ್ವಾ? 1994ರ ಜನವರಿಯಲ್ಲಿ ಅದನ್ನೂ ಕೆಡವಿದರು. ಫೋಟೋ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಸಂಕಟ.

ಚಿತ್ರಕಾರ ವ್ಯಾನ್ ಗೋ ತನ್ನ ಮಲಗುವ ಕೋಣೆಯ ಚಿತ್ರವನ್ನು 1888ರಲ್ಲಿ ಬರೆದ. ಮರುವರ್ಷ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, ಆ ಮನೆ ಕೈಬಿಟ್ಟು ಹೋದ ಮೇಲೆ, ಅದನ್ನೇ ಮತ್ತೆರಡು ಸಲ ಬರೆದ. ಒಬ್ಬನೇ ಮಲಗುವ ಕೋಣೆ, ಆದರೆ ದಿಂಬು ಎರಡು, ಕುರ್ಚಿ ಎರಡು. ಯಾರಾದರೂ ಬರಲಿ ಅಂತ ಎಷ್ಟು ಆಸೆ ಇತ್ತೋ!

ನಮ್ಮ ಕುವೆಂಪು ಚೇತನಕ್ಕೆ ಮನೆಯನ್ನೇ ಕಟ್ಟಬೇಡ ಅಂದರು. ಆ ಮಾತು ನನಗೆ ತುಂಬಾ ಇಷ್ಟ, ಹಾಡಿದಾಗಲೆಲ್ಲ ಮೈ ಹಗುರಾಗುತ್ತದೆ. ಆದರೂ ಮನಸ್ಸು ಆ ಎರಡನೇ ಕುರ್ಚಿಯ ಕಡೆಗೇ ಜಾಸ್ತಿ ವಾಲುತ್ತದೆ. ನಿಮ್ಮನ್ನು ಹೀಗೆ ಹಿಡಿದಿಟ್ಟ ಕವಿತೆ, ಚಿತ್ರ ಇದ್ದರೆ ಹೇಳಿ, ಹುಡುಕಿ ನೋಡುತ್ತೇನೆ.