ಸಿಲ್ಕ್ ಬೋರ್ಡಿಗೆ ಬಂದ ರೈಲು

ಬೆಂಗಳೂರಲ್ಲಿ ಕೆಲಸಕ್ಕೆ ತಡವಾಗಿ ಹೋದವನಿಗೆ ಒಂದು ಅನುಕೂಲ ಇದೆ. ‘ಟ್ರಾಫಿಕ್ಕು ಸಾರ್’ ಅಂದರೆ ಮುಗಿಯಿತು. ಕೇಳಿದವರೂ ಈಗಷ್ಟೇ ಅದೇ ಟ್ರಾಫಿಕ್ಕಿನಿಂದ ಬಿಡಿಸಿಕೊಂಡು ಬಂದಿರುತ್ತಾರೆ. ಅದೇ ‘ರೈಲು ಲೇಟಾಯ್ತು’ ಅಂದು ನೋಡಿ. ‘ಊರಿಗೆ ಹೋಗಿದ್ರಾ?’ ಅನ್ನುತ್ತಾರೆ. ಇದೇ ಊರಿನ ಈ ತುದಿಯಿಂದ ಆ ತುದಿಗೆ ದಿನಾ ರೈಲಲ್ಲಿ ಓಡಾಡುವವರಿದ್ದಾರೆ ಅನ್ನುವುದು ಬಹಳ ಜನಕ್ಕೆ ಗೊತ್ತೇ ಇಲ್ಲ.

ನನ್ನ ಮನೆ ಚಂದಾಪುರದ ಹತ್ತಿರ. ಕೆಲಸ ಯಶವಂತಪುರದ ಯಾರ್ಡಿನಲ್ಲಿ, ಒಂದು ಬೇಳೆ-ಬೆಲ್ಲದ ಮಂಡಿಯ ಲೆಕ್ಕ ಬರೆಯುವುದು. ಬಸ್ಸಿಗೆ ಹೋದರೆ ಹೊಸೂರು ರೋಡು, ಸಿಲ್ಕ್ ಬೋರ್ಡು, ಮೆಜೆಸ್ಟಿಕ್ಕು. ಇಳಿಯುವಷ್ಟರಲ್ಲಿ ಅಂಗಿಯ ಇಸ್ತ್ರಿಯೂ ಹೋಗಿರುತ್ತದೆ, ಜೀವವೂ ಹೋಗಿರುತ್ತದೆ. ಹೀಲಲಿಗೆಯಲ್ಲಿ ಹೊಸೂರು ಕಡೆಯಿಂದ ಬರುವ ಗಾಡಿ ಹತ್ತಿದರೆ ಕಾರ್ಮೆಲಾರಂ, ಬೆಳ್ಳಂದೂರು ರೋಡ್, ಬಾಣಸವಾಡಿ, ಹೆಬ್ಬಾಳ ಅಂತ ಊರಿಗೆ ಅರ್ಧ ಪ್ರದಕ್ಷಿಣೆ ಹಾಕಿ ಯಶವಂತಪುರಕ್ಕೆ ಬಿಡುತ್ತದೆ. ಸಿಗ್ನಲ್ ಸಿಕ್ಕರೆ ಇಷ್ಟು ಸುಖದ ಪ್ರಯಾಣ ಇನ್ನೊಂದಿಲ್ಲ. ಸಿಕ್ಕರೆ.

2022ರ ಏಪ್ರಿಲ್ 1, ಮಾರನೇ ದಿನ ಯುಗಾದಿ. ಒಬ್ಬಟ್ಟಿನ ಹಬ್ಬ ಅಂದಮೇಲೆ ಬೇಳೆ-ಬೆಲ್ಲದ ಅಂಗಡಿಗೆ ಅದೇ ವರ್ಷದ ದೊಡ್ಡ ದಿನ. ಯಜಮಾನರು ಊರಿಗೆ ಹೋಗುವಾಗ ಶಟರಿನ ಬೀಗದ ಕೈ ನನ್ನ ಕೈಗೆ ಕೊಟ್ಟಿದ್ದರು. ಅವತ್ತು ಬೆಳಿಗ್ಗೆ ಅವರು ನೇರ ಅಂಗಡಿಗೇ ಬರುವವರು. ಒಂಬತ್ತೂವರೆಗೆ ಬಾಗಿಲು ತೆಗೆದಿರಬೇಕು.

ಗಾಡಿ ಹೀಲಲಿಗೆ ಬಿಟ್ಟಿದ್ದೇ ಇಪ್ಪತ್ತು ನಿಮಿಷ ತಡವಾಗಿ. ಕಾರ್ಮೆಲಾರಂಗೆ ಬಂತು, ಲೂಪ್ ಲೈನಿಗೆ ಹೊರಳಿತು, ನಿಂತಿತು. ಲೂಪಿಗೆ ಹೊರಳುವಾಗ ಬೋಗಿ ಒಂದು ಸಣ್ಣ ಕುಲುಕು ಕುಲುಕುತ್ತದೆ. ದಿನಾ ಓಡಾಡುವವರಿಗೆ ಆ ಕುಲುಕು ಚೆನ್ನಾಗಿ ಗೊತ್ತು. ‘ಕ್ರಾಸಿಂಗು’ ಅಂದ ಒಬ್ಬರು ಪೇಪರ್ ಬಿಚ್ಚಿದರು.

ಆಗಿನ್ನೂ ಅಲ್ಲಿ ಒಂಟಿ ಹಳಿ. ಎದುರಿನಿಂದ ಗಾಡಿ ಬರುವುದಿದ್ದರೆ ಎರಡರಲ್ಲಿ ಒಂದು ಸ್ಟೇಷನ್ನಿನಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಸರಿಯುವ ಸರದಿ ಸಾಮಾನ್ಯವಾಗಿ ನಮ್ಮದೇ. ಎಕ್ಸ್‌ಪ್ರೆಸ್ಸಿಗೆ ಹೆಸರಿದೆ, ರಿಸರ್ವೇಶನ್ನಿದೆ. ನಮ್ಮದು ಬರೀ ಪ್ಯಾಸೆಂಜರು. ಕೋವಿಡ್ ಆದಮೇಲೆ ‘ಸ್ಪೆಷಲ್’ ಅಂತ ಹೆಸರಿಟ್ಟು ಹತ್ತು ರೂಪಾಯಿಯ ಕನಿಷ್ಠ ದರವನ್ನು ಮೂವತ್ತು ಮಾಡಿದ್ದರು. ಸ್ಪೆಷಲ್ ಆಗಿದ್ದು ಅದೊಂದೇ.

ಕಾಲು ಗಂಟೆ, ಅರ್ಧ ಗಂಟೆ. ನಿಲ್ಲುವುದನ್ನಾದರೂ ತಡೆದುಕೊಳ್ಳಬಹುದು. ಎಷ್ಟು ಹೊತ್ತು ಅಂತ ಹೇಳುವವರಿಲ್ಲವಲ್ಲ, ಅದು ತಲೆ ತಿನ್ನುತ್ತದೆ. ಇನ್ನೂ ನಲವತ್ತು ನಿಮಿಷ ಅಂತ ಹೇಳಿದ್ದರೆ ಇಳಿದು ಆಟೋ ಹಿಡಿಯುತ್ತಿದ್ದೆ. ಯಾರೂ ಹೇಳುವುದಿಲ್ಲ. ಹೋದ ತಿಂಗಳು ಒಬ್ಬ ಹುಡುಗ ಇಳಿದು ಹಳಿ ದಾಟಿ ಅತ್ತ ಹೋಗಿದ್ದೇ ತಡ, ಗಾಡಿ ಹೊರಟಿತ್ತು. ಓಡಿ ಬಂದ, ಸಿಗಲಿಲ್ಲ. ಅವನ ಮುಖ ನೆನಪಾಗಿ ನಾನು ಬಾಗಿಲ ತನಕ ಹೋಗುವುದು, ಮತ್ತೆ ಬಂದು ಕೂರುವುದು. ಫೋನಿನ ಆ್ಯಪಿನಲ್ಲಿ ಗಾಡಿ ಆಗಲೇ ಬೆಳ್ಳಂದೂರು ರೋಡ್ ದಾಟಿತ್ತು!

ಬಾಗಿಲ ಹತ್ತಿರ ಹೊಸೂರಿನ ಹೂವಿನಾಕೆ ಎರಡು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬಾಟಲಿಯ ಮುಚ್ಚಳದಲ್ಲಿ ನೀರು ತಗೊಂಡು ಮಲ್ಲಿಗೆಗೆ ಚಿಮುಕಿಸುತ್ತಿದ್ದಳು. ‘ಕನಕಾಂಬರ ತಡಕೊಂತದಣ್ಣ. ಮಲ್ಲಿಗೆಗೆ ಆಗಲ್ಲ. ಮಧ್ಯಾಹ್ನಕ್ಕೆ ಹೋದ್ರೆ ಅರ್ಧ ರೇಟು’ ಅಂದಳು. ಬೈಯಲಿಲ್ಲ. ನಾವು ಸಂಬಳದವರು ಅಷ್ಟು ಹೊತ್ತೂ ಬೈಯುತ್ತಲೇ ಇದ್ದೆವು. ನಿಜವಾಗಿ ನಷ್ಟ ಆಗುತ್ತಿದ್ದುದು ಅವಳೊಬ್ಬಳಿಗೆ.

ಒಂಬತ್ತೂ ಮುಕ್ಕಾಲಿಗೆ ಫೋನು ಬಂತು, ಯಜಮಾನರದು.

‘ಎಲ್ಲಿದೀರ್ರೀ? ಹಮಾಲರೆಲ್ಲ ರೋಡಲ್ಲಿ ಕೂತಿದಾರೆ.’

ರೈಲಿನ ಕಥೆ ಹಿಂದೆ ಎರಡು ಸಲ ಹೇಳಿ ನೋಡಿದ್ದೆ, ಅವರು ನಂಬಿರಲಿಲ್ಲ. ‘ಸಿಲ್ಕ್ ಬೋರ್ಡಲ್ಲಿ ಜಾಮ್ ಸಾರ್, ಬಸ್ಸು ಅಲ್ಲಾಡ್ತಾ ಇಲ್ಲ’ ಅಂದೆ.

ಅದೇ ಗಳಿಗೆಗೆ ಎದುರಿನ ಎಕ್ಸ್‌ಪ್ರೆಸ್ಸು ಗೇಟಿನ ಹತ್ತಿರ ಹಾರನ್ ಹೊಡೆಯಿತು. ಒಂದು ಸಲ ಅಲ್ಲ. ಗೇಟು ಹಾಕಿದರೂ ಅಡಿಯಲ್ಲಿ ಬೈಕು ಓರೆ ಮಾಡಿ ನುಸುಳುವವರಿಗೆ ಹೆದರಿಯೋ ಏನೋ, ಪೂರಾ ಅರ್ಧ ನಿಮಿಷ ಒತ್ತಿ ಹಿಡಿದ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಬೋಗಿಗಳು ನನ್ನ ಕಿವಿಯ ಪಕ್ಕದಲ್ಲೇ ಧಡಧಡ ಹೋದವು. ನಾನು ಫೋನು ಕಿವಿಗಿಟ್ಟುಕೊಂಡೇ ಇದ್ದೆ. ಕಟ್ ಮಾಡಲು ಹೊಳೆಯಲಿಲ್ಲ.

ಸದ್ದು ನಿಂತಮೇಲೆ ಅತ್ತಲಿಂದ ಮೆತ್ತಗೆ ಕೇಳಿತು: ‘ಸಿಲ್ಕ್ ಬೋರ್ಡಿಗೆ ರೈಲು ಯಾವಾಗ ಬಿಟ್ರು ರೀ?’

ಹೂವಿನಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಯಾರ್ಡು ಮುಟ್ಟಿದಾಗ ಹನ್ನೊಂದು ದಾಟಿತ್ತು. ಯಜಮಾನರು ಪಕ್ಕದ ಮಂಡಿಯಿಂದ ಸ್ಟೂಲು ತರಿಸಿಕೊಂಡು ನಮ್ಮ ಮುಚ್ಚಿದ ಶಟರಿನ ಮುಂದೆಯೇ ಕೂತಿದ್ದರು. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಕೈ ಚಾಚಿ ಬೀಗದ ಕೈ ಇಸಿದುಕೊಂಡರು, ಅಷ್ಟೆ. ಆ ದಿನದಿಂದ ಅದು ನನ್ನ ಹತ್ತಿರ ಬಂದಿಲ್ಲ.

ಅದಾಗಿ ಮೂರು ತಿಂಗಳು ತುಂಬುವ ಮುಂಚೆ, ಜೂನ್ 20ಕ್ಕೆ, ಉಪನಗರ ರೈಲಿಗೆ ಶಂಕುಸ್ಥಾಪನೆ ಆಯಿತು. ನಾಲ್ಕು ಮಾರ್ಗ, 148 ಕಿಲೋಮೀಟರ್. ಸಂಪಿಗೆ, ಮಲ್ಲಿಗೆ, ಪಾರಿಜಾತ ಅಂತ ಹೂವಿನ ಹೆಸರುಗಳು. ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ನಮ್ಮ ಕಡೆಯದಕ್ಕೆ ‘ಕನಕ’. ಪೇಪರಿನಲ್ಲಿ ಓದಿದಾಗ ಆಕೆಯ ಮಾತು ನೆನಪಾಯಿತು. ಹೆಸರಿಟ್ಟವರು ನಮ್ಮನ್ನು ನೋಡಿಯೇ ಇಟ್ಟಿರಬೇಕು, ತಡಕೊಳ್ಳುವ ಹೂವು.

ಈಗಲೂ ರೈಲೇ. ಸುಳ್ಳು ಹೇಳುವ ಕಷ್ಟ ಒಂದು ತಪ್ಪಿದೆ. ಅರ್ಧ ಗಂಟೆ ಮೀರಿದರೆ ಯಜಮಾನರೇ ಫೋನು ಮಾಡಿ, ‘ಏನ್ರೀ, ಸಿಲ್ಕ್ ಬೋರ್ಡಲ್ಲಿ ಕ್ರಾಸಿಂಗಾ?’ ಅನ್ನುತ್ತಾರೆ.